ಮಂಗನ ಹುಳು, ಮನುಷ್ಯನ ಕರುಳು

ಮಂಗ, ಬಬೂನ್, ಚಿಂಪಾಂಜಿಗಳ ಕರುಳಲ್ಲಿ ಬದುಕುವ ಹುಳುಗಳಲ್ಲಿ ಕೆಲವು ಮನುಷ್ಯನಲ್ಲೂ ನೆಲೆಯೂರುತ್ತವೆ. ಈ ಸಂಗತಿ ಬಹುಕಾಲ ಮರೆಯಲ್ಲೇ ಉಳಿದದ್ದಕ್ಕೆ ಮುಖ್ಯ ಕಾರಣ ಅವುಗಳ ಮೊಟ್ಟೆ. ಹಲವು ಜಾತಿಗಳ ಮೊಟ್ಟೆ ಕೊಕ್ಕೆಹುಳುವಿನ ಮೊಟ್ಟೆಯನ್ನೇ ಹೋಲುವುದರಿಂದ ಮಲಪರೀಕ್ಷೆಯ ವರದಿಯಲ್ಲಿ ಅವು ಕೊಕ್ಕೆಹುಳುವಿನ ಲೆಕ್ಕಕ್ಕೇ ಸೇರುತ್ತಿದ್ದವು.

1905ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ರಾಯೆ ಮತ್ತು ಆಂರಿ ಇಂಥ ಎರಡು ಹುಳುಗಳನ್ನು ವರ್ಣಿಸಿದರು: ಕೊಮೊರೊಸ್ ದ್ವೀಪದವನೊಬ್ಬನಲ್ಲಿ ಸಿಕ್ಕ ಟರ್ನಿಡೆನ್ಸ್, ಇಥಿಯೋಪಿಯಾದ ಓಮೊ ನದಿ ಸೀಮೆಯವನೊಬ್ಬನಲ್ಲಿ ಸಿಕ್ಕ ಈಸೊಫಗೊಸ್ಟೊಮಮ್. ಅದೇ ವರ್ಷ ಫಾನ್ ಲಿನ್‌ಸ್ಟೋ ಆಫ್ರಿಕಾದ ಕಪಿಗಳಿಂದ ಸಿಕ್ಕ ಹುಳುವನ್ನು ಸ್ಟ್ರಾಂಜಿಲಾಯ್ಡಿಸ್ ಫ್ಯುಲೆಬಾರ್ನಿ ಎಂದು ಹೆಸರಿಸಿದರು. ಆದರೆ ಆಮೇಲೆ ದಶಕಗಟ್ಟಲೆ ಇವೆಲ್ಲ ಅಪರೂಪದ ಪ್ರಕರಣಗಳೆಂಬ ನಂಬಿಕೆಯೇ ನಡೆಯಿತು.

ಬರ್ಟಿಯೆಲ್ಲಾ ಎಂಬ ಲಾಡಿಹುಳು ಮನುಷ್ಯನನ್ನು ಸೇರುವ ದಾರಿ ಬೇರೆ. ಇದರ ಮೊಟ್ಟೆಯನ್ನು ಮಣ್ಣಿನ ಸಣ್ಣ ನುಸಿಗಳು ತಿನ್ನುತ್ತವೆ. ಮಂಗಗಳು ಓಡಾಡುವಲ್ಲಿ ಬಿದ್ದ ಹಣ್ಣಿನೊಂದಿಗೋ ಮಣ್ಣಿನೊಂದಿಗೋ ಆ ನುಸಿ ಹೊಟ್ಟೆ ಸೇರಿದರೆ ಸೋಂಕು ತಗಲುತ್ತದೆ. ಮನುಷ್ಯನಲ್ಲಿ ಇದು 1913ರಲ್ಲಿ ಮಾರಿಷಸ್‌ನ ಮಗುವೊಂದರಲ್ಲಿ ವರದಿಯಾಯಿತು, ಭಾರತದಲ್ಲೂ ಪ್ರಕರಣಗಳಿವೆ. ಮಲದಲ್ಲಿ ಬೀಳುವ ಹುಳುವಿನ ತುಣುಕು ನೋಡಿ ಸಾಮಾನ್ಯ ಲಾಡಿಹುಳುವೆಂದುಕೊಳ್ಳುವುದು ಸುಲಭ.

ಇಂಥ ಸೋಂಕು ಅಪರೂಪವೆಂಬ ನಂಬಿಕೆ ಬದಲಾದದ್ದು ಉತ್ತರ ಟೋಗೊ ಮತ್ತು ಘಾನಾದಿಂದ. ಅಲ್ಲಿ ಜನರ ಹೊಟ್ಟೆಯಲ್ಲಿ ಕೈಗೆ ಸಿಗುವಂಥ, ನೋಯುವ ಗಂಟು ಏಳುತ್ತಿತ್ತು. ಟೋಗೊದ ಪಟ್ಟಣವೊಂದರ ಹೆಸರಿನಿಂದ ಅದು ‘ಡಪಾಂಗ್ ಗೆಡ್ಡೆ’ ಎನಿಸಿಕೊಂಡಿತು. ಗೆಡ್ಡೆಯನ್ನು ಕೊಯ್ದು ನೋಡಿದಾಗ ಕೀವಿನ ನಡುವೆ ಈಸೊಫಗೊಸ್ಟೊಮಮ್ ಮರಿಹುಳು ಇತ್ತು. ದೊಡ್ಡ ಕರುಳಿನ ಗೋಡೆಗೆ ನುಗ್ಗಿದ ಮರಿ ಬೆಳೆದು ಮತ್ತೆ ಕರುಳಿನೊಳಕ್ಕೆ ಮರಳಬೇಕು. ಮನುಷ್ಯನಲ್ಲಿ ಎಷ್ಟೋ ಮರಿಗಳು ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತವೆ. 1987ರಲ್ಲಿ 51 ರೋಗಿಗಳ ವರದಿ ಹೊರಬಂತು. ಮಲವನ್ನು ತೇವದಲ್ಲಿ ಕೆಲವು ದಿನ ಇಟ್ಟು ಮೊಟ್ಟೆಯೊಡೆದು ಬಂದ ಮರಿಗಳನ್ನು ಗುರುತಿಸುವ ವಿಧಾನವನ್ನು ಹಳ್ಳಿಗಳಿಗೆ ಒಯ್ದಾಗ ನಿಜವಾದ ಹರವು ತಿಳಿಯಿತು: ಸುಮಾರು ಎರಡೂವರೆ ಲಕ್ಷ ಜನರಿಗೆ ಸೋಂಕು ಇರಬಹುದೆಂದು ಅಂದಾಜಿಸಲಾಯಿತು. ಆಲ್ಬೆಂಡಜೋಲ್ ಮಾತ್ರೆ, ಅಂದರೆ ಕರ್ನಾಟಕದ ಶಾಲೆಗಳಲ್ಲಿ ಜಂತುಹುಳಕ್ಕೆ ಕೊಡುವುದೇ, ಸಾಮೂಹಿಕವಾಗಿ ಹಂಚಿದ ಮೇಲೆ ಅಲ್ಲಿ ಸೋಂಕು ಗಣನೀಯವಾಗಿ ಇಳಿಯಿತು.

ಕಪಿಗಳಿಂದಲೇ ಈ ಸೋಂಕು ಬಂತೆಂಬ ಊಹೆ ಮಾತ್ರ ಡಿಎನ್‌ಎ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. ಘಾನಾದಲ್ಲಿ ಜನರ ಹುಳುವೂ ಮೋನಾ ಮಂಗದ ಹುಳುವೂ ಒಂದೇ ಜಾತಿಗೆ ಸೇರಿದ್ದರೂ ತಳಿ ಬೇರೆಯೆಂದು 2000ರ ದಶಕದ ಅಧ್ಯಯನಗಳು ತೋರಿಸಿದವು. ರೋಗ ಜನರಿಂದ ಜನರಿಗೇ ಹರಡುತ್ತಿತ್ತು ಎಂಬುದಕ್ಕೆ ಇದು ಬಲವಾದ ಸುಳಿವು. ಬೇರೆಡೆ ಅದೇ ವಿಧಾನ ಉಲ್ಟಾ ಉತ್ತರ ಕೊಟ್ಟಿದೆ. ಮಧ್ಯ ಆಫ್ರಿಕಾ ಗಣರಾಜ್ಯದ ಝಂಗಾ-ಸಂಗಾ ಕಾಡಿನಲ್ಲಿ ಗೊರಿಲ್ಲಾ, ಚಿಂಪಾಂಜಿ ಮತ್ತು ಅಲ್ಲಿಯ ಜನರಲ್ಲಿ ಒಂದೇ ಬಗೆಯ ಕೊಕ್ಕೆಹುಳುಗಳಿವೆಯೆಂದು 2014ರಲ್ಲಿ ವರದಿಯಾಯಿತು. ಅಲ್ಲಿ ಹುಳು ಕಪಿಯಿಂದ ಮನುಷ್ಯನಿಗೆ ದಾಟುವಷ್ಟೇ ಮನುಷ್ಯನಿಂದ ಕಪಿಗೂ ದಾಟಬಲ್ಲದು. ಗೊರಿಲ್ಲಾಗಳ ಹಿಂದೆ ದಿನವಿಡೀ ನಡೆಯುವ ಕಾವಲುಗಾರರು, ಸಂಶೋಧಕರು, ಪ್ರವಾಸಿಗರ ಮೇಲೂ ಈಗ ಪಶುವೈದ್ಯರ ಕಣ್ಣಿದೆ.