ಅಟ್ಟದ ಮೇಲಿನ ಕುರ್ಚಿಯ ಚರಿತ್ರೆ

ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಮೇಜು, ಕುರ್ಚಿಗಳ ಚರಿತ್ರೆ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ನಮ್ಮಲ್ಲಿ ಬಹುಪಾಲು ಮನೆಗಳ ಅಟ್ಟದಲ್ಲೋ ಕೊಟ್ಟಿಗೆ ಮೂಲೆಯಲ್ಲೋ ಕಾಲು ಮುರಿದ ಕುರ್ಚಿ, ಅಜ್ಜನ ಕಾಲದ ಪೆಟ್ಟಿಗೆ ಇದ್ದೇ ಇದೆ. ಗುಜರಿಯವನು ಹೇಳಿದ ರೇಟಿಗೆ ಕೊಟ್ಟು ಕೈತೊಳೆದುಕೊಳ್ಳುವ ಮೊದಲು ಅದರ ಕಥೆ ಒಂದಿಷ್ಟು ತಿಳಿದಿರಲಿ ಎಂದು ಈ ಬರಹ.

ಮಣೆ, ಮಂಚ, ತೊಟ್ಟಿಲು ನಮ್ಮವೇ. ಮೇಜು ಎಂಬ ಮಾತು ಪಾರಸಿಯಿಂದ ಬಂದದ್ದು, ಕುರ್ಚಿ ಅರಬ್ಬಿಯಿಂದ, ಅಲಮಾರು ಪೋರ್ಚುಗೀಸರಿಂದ. ಸಾಮಾನಿನ ಜೊತೆ ಹೆಸರೂ ಬಂತು ನೋಡಿ! ಆದರೆ ಅದರ ಮೇಲಿನ ಹೊಳಪು ಮಾತ್ರ ಇಲ್ಲಿಂದಲೇ ಹೋದದ್ದು. 'ಫ್ರೆಂಚ್ ಪಾಲಿಶ್' ಎಂದು ನಾವು ಕರೆಯುವುದು ಬೇರೇನಲ್ಲ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಪಾಂಡವರ ಅರಗಿನ ಮನೆಯ ಕಥೆ ಕೇಳದವರು ಯಾರು? ಅದೇ ಅರಗು. ಮುತ್ತುಗ, ಎಲಚಿ ಮುಂತಾದ ಮರಗಳ ರೆಂಬೆಗೆ ಕೂರುವ ಸಣ್ಣ ಹುಳ ಇದನ್ನು ಸುರಿಸುತ್ತದೆ. ಯುರೋಪಿನ ಬಡಗಿಗಳು 1800ರ ನಂತರ ಇದನ್ನು ಬಟ್ಟೆಯುಂಡೆಯಲ್ಲಿ ಅದ್ದಿ ಉಜ್ಜುವ ಪದ್ಧತಿಯನ್ನು ಹರಡಿದರು. ಗ್ರಾಮಫೋನ್ ತಟ್ಟೆಗಳಿಗೂ ಅರಗು ಬೇಕಾಯಿತು. 1924ರಲ್ಲಿ ರಾಂಚಿಯ ಹತ್ತಿರ ಇದಕ್ಕೆಂದೇ ಸಂಶೋಧನಾ ಸಂಸ್ಥೆ ಶುರುವಾಯಿತೆಂದರೆ ವ್ಯಾಪಾರ ಎಷ್ಟಿತ್ತೆಂದು ಊಹಿಸಿ. ನಮ್ಮ ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗಿನಿಂದಲೇ.

ಬಿಸಿ ಕಾಫಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಬೀಳುತ್ತದಲ್ಲ, ಅದು ಸಾಮಾನ್ಯವಾಗಿ ಅರಗಿನ ಪಾಲಿಶಿನ ಗುರುತು. ಅನುಮಾನವಿದ್ದರೆ ಕಾಣದ ಮೂಲೆಯಲ್ಲಿ ಹತ್ತಿಯಿಂದ ಸ್ಪಿರಿಟ್ ತಾಗಿಸಿ. ಕರಗಿ ಅಂಟಂಟಾದರೆ ಅರಗೇ ಸರಿ. ಅಂಥದ್ದಕ್ಕೆ ಸ್ಯಾಂಡ್ ಪೇಪರ್ ಹಾಕಿ ಕೆರೆಯುವುದು ಏನೇನೂ ಬೇಡ, ಸ್ಪಿರಿಟ್‌ನಿಂದ ಒರೆಸಿ ಹೊಸದಾಗಿ ಉಜ್ಜಿದರೆ ಹಳತೂ ಹೊಸತೂ ಕೂಡಿಕೊಳ್ಳುತ್ತವೆ. (ಒಲೆ, ಬೀಡಿ ದೂರ ಇರಲಿ!) ಕೆರೆದರೆ ನೂರು ವರ್ಷ ಕೈ ತಾಗಿ ಬಂದ ಬಣ್ಣ ಪುಡಿಯಾಗಿ ಹೋಯಿತು, ಮತ್ತೆ ಬಾರದು. ಎನಾಮೆಲ್ ಬಳಿಯುವುದಂತೂ ಬೀಟೆ ಮರಕ್ಕೆ ಮಾಡಿದ ಅವಮಾನ ಎಂದೇ ನನ್ನ ಅಭಿಪ್ರಾಯ.

ಕೀಲುಗಳದ್ದೂ ಹಾಗೇ. ಹಳಬರು ಬೆಸೆಯುತ್ತಿದ್ದುದು ಚರ್ಮ, ಮೂಳೆ ಬೇಯಿಸಿದ ಸರೇಸಿನಿಂದ. ಬಿಸಿನೀರಿನ ಆವಿ ಕೊಟ್ಟರೆ ಅದು ಮೆತ್ತಗಾಗಿ, ಮರ ಸೀಳದೆ ಕೀಲು ಬಿಚ್ಚುತ್ತದೆ. ಮುಂದೆ ಯಾರೋ ರಿಪೇರಿ ಮಾಡಬೇಕಾದೀತು ಎಂಬ ಎಣಿಕೆ ಆ ಕೆಲಸದಲ್ಲೇ ಇತ್ತು. ಫೆವಿಕಾಲ್ 1959ರಲ್ಲಿ ಬಂತು. ಹಿಡಿತ ಗಟ್ಟಿಯೇ, ಬಿಚ್ಚುವುದು ಮಾತ್ರ ಕಷ್ಟ.

ಇನ್ನು ಈ ಸಾಮಾನು ಊರು ಬಿಟ್ಟು ಹೋದ ಕಥೆ. 1974ರ ಭೂಸುಧಾರಣಾ ಕಾಯ್ದೆ ಉಳುವವನಿಗೆ ಹೊಲ ಕೊಟ್ಟಿತು. ಅದು ಆಗಲೇಬೇಕಿತ್ತು, ಎರಡು ಮಾತಿಲ್ಲ. ಆದರೆ ಗೇಣಿ ನಿಂತಮೇಲೆ ಕರಾವಳಿಯ ದೊಡ್ಡ ಮನೆಗಳನ್ನು ಸುಧಾರಿಸುವುದು ಹಲವರಿಂದ ಆಗಲಿಲ್ಲ. ಅವಿಭಕ್ತ ಕುಟುಂಬಗಳೂ ಪಾಲಾದವು. ಕಂಬ, ಬಾಗಿಲು, ತೂಗುಮಂಚ ಲಾರಿ ಹತ್ತಿದವು. ಮಣಿಪಾಲದ ವಿಜಯನಾಥ ಶೆಣೈಯವರು ಅಂಥವನ್ನು ಹುಡುಕಿ ತಂದು, 2017ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೇ ದುಡಿದರು. ಕುಕನೂರಿನ ಕಮಲ ಮಹಲ್, ಮುಧೋಳದ ದರ್ಬಾರ್ ಹಾಲ್ ಈಗ ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ನಿಂತಿವೆ. ಅದೇ 2017ರಿಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಕಟ್ಟುಪಾಡು ಬಂದಿದೆ. ಅಜ್ಜನ ಪೆಟ್ಟಿಗೆಯ ಒಂದೇ ಹಲಗೆಯ ಮುಚ್ಚಳದಂಥದ್ದು ಇನ್ನು ಸುಲಭಕ್ಕೆ ಸಿಗುವ ಮಾತಲ್ಲ.

ಸರೇಸು ಕಾಯಿಸಿ ಬೆಸೆಯಬಲ್ಲ ಆಚಾರಿಗಳು ನಮ್ಮ ಕಡೆ ಬೆರಳೆಣಿಕೆಯಷ್ಟು. ಅವರನ್ನು ಕರೆಸುವವರು ಮಳೆಗಾಲ ಕಳೆಯಲಿ ಬಿಡಿ. ತೇವದಲ್ಲಿ ಅರಗು ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ದೀಪಾವಳಿ ಆದಮೇಲೆ ಒಳ್ಳೇ ಬಿಸಿಲು ನೋಡಿ ಹೇಳಿಕಳಿಸಿ.