ಕ್ಷಯದ ಔಷಧ ಮತ್ತು ವಿಟಮಿನ್ ಬಿ6: ನರಗಳ ರಕ್ಷಣೆಗೆ ಎಷ್ಟು ಸಾಕು?

ಅಟ್ಲಾಂಟಾ ಸಮೀಪದ ಸುವಾನಿಯ ಕನ್ನಡ ಕುಟುಂಬಗಳಿಗೆ ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆ ಹೊಸದಲ್ಲ. ಅಮೆರಿಕದಲ್ಲಿದ್ದುಕೊಂಡೇ ಅರ್ಜಿ ಸಲ್ಲಿಸುವ, ಎರಡು ವರ್ಷ ತುಂಬಿದ ಎಲ್ಲರಿಗೂ ಕ್ಷಯದ ಸೋಂಕನ್ನು ಗುರುತಿಸುವ ರಕ್ತಪರೀಕ್ಷೆ 2018ರ ಅಕ್ಟೋಬರಿನಿಂದ ಕಡ್ಡಾಯವಾಗಿದೆ. ಭಾರತದಲ್ಲಿ ಹುಟ್ಟಿ ಬೆಳೆದ ಅನೇಕರಲ್ಲಿ ಅದು ಪಾಸಿಟಿವ್ ಬರುತ್ತದೆ. ರೋಗಲಕ್ಷಣಗಳಿಲ್ಲದೆ, ಎದೆಯ ಎಕ್ಸ್-ರೇ ಸಹಜವಾಗಿದ್ದರೆ ಅದು ಸುಪ್ತ ಕ್ಷಯ, ಇತರರಿಗೆ ಹರಡುವುದಿಲ್ಲ. ಅದು ಮುಂದೆ ರೋಗವಾಗದಂತೆ ಕೊಡುವ ಔಷಧಗಳಲ್ಲಿ 1952ರಿಂದ ಬಳಕೆಯಲ್ಲಿರುವ ಐಸೋನಯಜಿಡ್ ಒಂದು. ಅದರ ಜೊತೆಗೆ ವಿಟಮಿನ್ ಬಿ6 ಗುಳಿಗೆಯನ್ನೂ ಬರೆದುಕೊಟ್ಟಾಗ ನನಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. "ವಿಟಮಿನ್ ತಾನೆ, ಬಿಟ್ಟರೆ ಏನಾದೀತು ಡಾಕ್ಟ್ರೇ?" ಎಂಬುದೊಂದು. "ವಿಟಮಿನ್ ತಾನೆ, ಎರಡು ನುಂಗಿದರೆ ಏನಾದೀತು?" ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ: ನರಗಳಿಗೆ ಹಾನಿಯಾದೀತು.

ಐಸೋನಯಜಿಡ್ ದೇಹದಲ್ಲಿರುವ ಬಿ6ರೊಡನೆ ಕೂಡಿಕೊಂಡು ಅದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಉಳಿದದ್ದು ತನ್ನ ಕೆಲಸ ಮಾಡುವುದಕ್ಕೂ ಅಡ್ಡಿಯಾಗುತ್ತದೆ. ಕೊರತೆ ಮೊದಲು ಕಾಣುವುದು ಅತಿ ಉದ್ದದ ನರಗಳಲ್ಲಿ. ಅಂಗಾಲು ಜೋಮು ಹಿಡಿಯುವುದು, ಉರಿಯುವುದು, ಸೂಜಿ ಚುಚ್ಚಿದಂತಾಗುವುದು ಅದರ ಆರಂಭದ ಲಕ್ಷಣಗಳು. ಈ ಔಷಧವನ್ನು ಯಕೃತ್ತು ಕರಗಿಸುವ ವೇಗ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನಿಧಾನವಾಗಿ ಕರಗಿಸುವವರು ಭಾರತೀಯರಲ್ಲಿ ಬಹಳ ಮಂದಿ. ಅವರಿಗೆ ಅಪಾಯ ಹೆಚ್ಚು.

ಈ ತೊಂದರೆಯನ್ನು ತಡೆಯುವ ಬಗೆಯನ್ನು ಪರೀಕ್ಷಿಸಿದವರಲ್ಲಿ ನಮ್ಮ ನೆರೆಯ ಮದರಾಸಿನವರೂ ಇದ್ದಾರೆ. 1956ರಲ್ಲಿ ಆರಂಭವಾದ ಅಲ್ಲಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಸೋನಯಜಿಡನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆಯುತ್ತಿದ್ದ ರೋಗಿಗಳಿಗೂ ದಿನಕ್ಕೆ ಕೇವಲ 6 ಮಿಲಿಗ್ರಾಂ ಬಿ6 ನರಗಳ ರಕ್ಷಣೆಗೆ ಸಾಕಾಯಿತೆಂದು ತೋರಿಸಿತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ದಿನಕ್ಕೆ 10 ಮಿಲಿಗ್ರಾಂ. ಅಮೆರಿಕದಲ್ಲಿ ಸಾಮಾನ್ಯವಾಗಿ 25ರಿಂದ 50 ಮಿಲಿಗ್ರಾಂ ಕೊಡುತ್ತಾರೆ. ಮಧುಮೇಹಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ಕಾಯಿಲೆಯುಳ್ಳವರು, ಎಚ್‌ಐವಿ ಸೋಂಕಿತರು, ಮದ್ಯಪಾನದ ಅಭ್ಯಾಸವುಳ್ಳವರು ಮತ್ತು ಅಪೌಷ್ಟಿಕತೆಯಿಂದ ಬಳಲುವವರು ಇದನ್ನು ಬಿಡಲೇಬಾರದು.

ಆದರೆ ಅತಿಯಾದರೆ ಅಮೃತವೂ ವಿಷ. ದಿನಕ್ಕೆ 2ರಿಂದ 6 ಗ್ರಾಂ ಬಿ6 ನುಂಗುತ್ತಿದ್ದ ಏಳು ಮಂದಿಗೆ ನಡೆಯುವುದೂ ಕಷ್ಟವಾಗುವಷ್ಟು ನರಹಾನಿಯಾದದ್ದು 1983ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ ವಯಸ್ಕರಿಗೆ ನಿಗದಿಯಾದ ಗರಿಷ್ಠ ಮಿತಿ ದಿನಕ್ಕೆ 100 ಮಿಲಿಗ್ರಾಂ. ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2023ರಲ್ಲಿ ಅದನ್ನು 12ಕ್ಕೆ ಇಳಿಸಿತು. ವೈದ್ಯರು ಚಿಕಿತ್ಸೆಗೆಂದು ಗೊತ್ತಾದ ಅವಧಿಗೆ ಬರೆಯುವ ಪ್ರಮಾಣ ಬೇರೆ, ವರ್ಷಗಟ್ಟಲೆ ತಾವಾಗಿಯೇ ನುಂಗುವುದು ಬೇರೆ.

ಈ ಪಾಠವನ್ನು ನನಗೆ ಕಲಿಸಿದವರು ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು. ಅವರ ಕಾಲಿನ ಜೋಮಿಗೆ ಮಧುಮೇಹವೇ ಕಾರಣವೆಂದು ನಾನು ಎರಡು ಭೇಟಿಗಳವರೆಗೆ ನಂಬಿದ್ದೆ. ಮೂರನೆಯ ಸಲ ಮಗಳು ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ಚೀಲದಲ್ಲಿ ತಂದರು. ನಾನು ಬರೆದುಕೊಟ್ಟ ಬಿ6 ಅಲ್ಲದೆ, ಊರಿನಿಂದ ತಂದ "ನರದ ಗುಳಿಗೆ" ಎರಡು ಹೊತ್ತು. ಅದರ ಒಂದೊಂದರಲ್ಲೂ 100 ಮಿಲಿಗ್ರಾಂ ಬಿ6. "ನೀವು ಕೇಳಲೇ ಇಲ್ಲವಲ್ಲ" ಎಂದರು ಹಿರಿಯರು. ಹೌದು, ಔಷಧಗಳನ್ನು ಕೇಳಿದ್ದೆ, ವಿಟಮಿನ್‌ಗಳನ್ನು ಕೇಳಿರಲಿಲ್ಲ. ಹೆಚ್ಚುವರಿ ಗುಳಿಗೆ ನಿಲ್ಲಿಸಿದ ಮೇಲೆ ಜೋಮು ತಿಂಗಳುಗಳಲ್ಲಿ ತಗ್ಗಿತು, ಪೂರ್ತಿ ಹೋಗಲಿಲ್ಲ.

ಬಿ6 ಎಲ್ಲ ಆ್ಯಂಟಿಬಯಾಟಿಕ್‌ಗಳಿಗೂ ಕವಚವಲ್ಲ. ಸಿಪ್ರೊಫ್ಲಾಕ್ಸಸಿನ್, ಮೆಟ್ರೊನಿಡಜೋಲ್, ಲಿನೆಜೋಲಿಡ್ ಕೂಡ ನರಗಳನ್ನು ಬಾಧಿಸಬಲ್ಲವು; ಆದರೆ ಆ ಹಾನಿಯನ್ನು ಬಿ6 ತಡೆಯುತ್ತದೆಂಬುದು ಸಿದ್ಧಪಟ್ಟಿಲ್ಲ. ಐಸೋನಯಜಿಡ್ ಇಲ್ಲದ, ನಾಲ್ಕು ತಿಂಗಳ ರಿಫಾಂಪಿಸಿನ್ ಚಿಕಿತ್ಸೆಗೆ ಅದು ಬೇಕಿಲ್ಲ. ಐಸೋನಯಜಿಡ್‌ನಿಂದ ಯಕೃತ್ತಿಗೆ ಆಗಬಹುದಾದ ತೊಂದರೆಯನ್ನೂ ಅದು ತಡೆಯದು. ಸಸ್ಯಾಹಾರಿಗಳಲ್ಲಿ ಹಾಗೂ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಜೋಮಿಗೆ ಬಿ12ರ ಕೊರತೆಯೂ ಕಾರಣವಿರಬಹುದು. ಅದಕ್ಕೆ ಪರೀಕ್ಷೆಯೇ ಬೇರೆ, ಗುಳಿಗೆಯೇ ಬೇರೆ.

ಆದ್ದರಿಂದ ಕಾಲು ಉರಿದರೆ ಕ್ಷಯದ ಔಷಧವನ್ನು ತಾವಾಗಿ ನಿಲ್ಲಿಸಬೇಡಿ, ವಿಟಮಿನನ್ನೂ ತಾವಾಗಿ ಏರಿಸಬೇಡಿ. ಮನೆಯ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದಿಡಿ.