ಸಿಸ್ಟರ್ ಏನು ಬರೀತಾ ಇದ್ರು?

ಅಪ್ಪನ ಆಪರೇಶನ್ ಆದ ರಾತ್ರಿ ವಾರ್ಡಿನಲ್ಲಿ ಅವರ ಜೊತೆ ನಾನೇ ಇದ್ದೆ. ಎರಡು ಗಂಟೆ ಹೊತ್ತಿಗೆ ಡ್ರಿಪ್ ಮುಗಿಯುತ್ತಾ ಬಂದಿತ್ತು. ಬೆಲ್ ಒತ್ತಿದೆ, ಯಾರೂ ಬರಲಿಲ್ಲ. ಎದ್ದು ಕಾರಿಡಾರಿನ ತುದಿಗೆ ಹೋದರೆ ಸಿಸ್ಟರ್ ಮೇಜಿನ ಮುಂದೆ ಕೂತು ಫೈಲಿನಲ್ಲಿ ಏನೋ ಬರೀತಾ ಇದ್ರು. "ಬರೆಯೋದು ಆಮೇಲೆ ಇಟ್ಕೊಳ್ಳಿ, ಮೊದಲು ಪೇಷಂಟ್ ನೋಡಿ" ಅಂತ ರೇಗಿಬಿಟ್ಟೆ. ಅವರು ಮಾತಾಡದೆ ಎದ್ದು ಬಂದು ಬಾಟಲಿ ಬದಲಾಯಿಸಿದರು, ನಾಡಿ ಹಿಡಿದು ನೋಡಿದರು, ವಾಪಸ್ ಹೋಗಿ ಮತ್ತೆ ಬರೆಯೋಕೆ ಕೂತರು.

ಸಿಟ್ಟು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಒಬ್ಬ ನರ್ಸಿನ ಶಿಫ್ಟಿನ ಹೊತ್ತೆಲ್ಲ ಎಲ್ಲಿಗೆ ಹೋಗುತ್ತೆ? ಹುಡುಕುತ್ತಾ ಹೋದಾಗ ಗೊತ್ತಾಯಿತು, ಈ ಪ್ರಶ್ನೆಗೇ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಒಂದು ಸಣ್ಣ ಆಸ್ಪತ್ರೆಗೆ ಫ್ಲಾರೆನ್ಸ್ ನೈಟಿಂಗೇಲ್ ಮೇಲ್ವಿಚಾರಕಿಯಾಗಿ ಬಂದಳು. ಕ್ರಿಮಿಯಾ ಯುದ್ಧ, ದೀಪ ಹಿಡಿದ ಚಿತ್ರ, ಅದೆಲ್ಲ ಇನ್ನೂ ಮುಂದಿನ ಮಾತು. ಬರುವ ಮೊದಲೇ ಆಕೆ ಕೇಳಿದ್ದು ಕರುಣೆಯ ವಿಷಯ ಅಲ್ಲ, ಪ್ಲಂಬಿಂಗ್ ವಿಷಯ! ಪ್ರತಿ ಮಹಡಿಗೂ ಬಿಸಿನೀರಿನ ಪೈಪು ಬೇಕು. ಊಟ ಮೇಲೆ ಬರೋಕೆ ಲಿಫ್ಟ್ ಬೇಕು. ರೋಗಿಗಳ ಬೆಲ್ಲುಗಳೆಲ್ಲ ನರ್ಸ್ ಇರುವ ಮಹಡಿಯಲ್ಲೇ ಬಾರಿಸಬೇಕು, ಯಾರು ಕರೆದರು ಅಂತ ನೋಡಿದ ತಕ್ಷಣ ತಿಳಿಯೋ ಹಾಗೆ ಪ್ರತಿ ಬೆಲ್ಲಿಗೂ ಒಂದು ಗುರುತು ತೆರೆದುಕೊಳ್ಳಬೇಕು. ಇದೆಲ್ಲ ಇಲ್ಲದಿದ್ದರೆ ನರ್ಸ್ ಮನುಷ್ಯಳಾಗಿ ಉಳಿಯಲ್ಲ, ಮೆಟ್ಟಿಲು ಹತ್ತಿ ಇಳಿಯೋ ಒಂದು ಜೊತೆ ಕಾಲು ಆಗ್ಬಿಡ್ತಾಳೆ ಅನ್ನೋದು ಆಕೆಯ ವಾದ. ರೋಗಿಯ ಪಕ್ಕ ಯಾರೂ ಇಲ್ಲದೇ ಇರೋದಕ್ಕೆ ಕಾರಣ ಸೋಮಾರಿತನ ಅಲ್ಲ, ಮೆಟ್ಟಿಲು ಅಂತ ಕಂಡುಕೊಂಡವಳು ಆಕೆ.

ಆದರೆ ಕಾಲು ಉಳಿಸೋಕೆ ಹೊರಟ ಇದೇ ನೈಟಿಂಗೇಲ್ ನರ್ಸುಗಳ ಕೈಗೆ ಪೆನ್ನು ಬರೋದಕ್ಕೂ ಕಾರಣಳಾದಳು. ಯುದ್ಧದ ಆಸ್ಪತ್ರೆಗಳಲ್ಲಿ ಸತ್ತವರ ಲೆಕ್ಕವೇ ಸರಿಯಾಗಿ ಇಟ್ಟಿರಲಿಲ್ಲ. ಲೆಕ್ಕ ಇಲ್ಲದೆ ಯಾಕೆ ಸತ್ತರು ಅಂತ ಕಂಡುಹಿಡಿಯೋದು ಹೇಗೆ? 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಅಂಕಿಅಂಶ ಸಮಾವೇಶದ ಮುಂದೆ, ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ದಾಖಲೆ ಇಡಬೇಕು ಅನ್ನೋ ಯೋಜನೆಯನ್ನ ಆಕೆ ಇಟ್ಟಳು.

ಮುಂದಿನ ಅರ್ಧ ಶತಮಾನ ನರ್ಸಿನ ಹೊತ್ತನ್ನ ಲೆಕ್ಕ ಹಾಕೋ ಆತುರ ಯಾರಿಗೂ ಇರಲಿಲ್ಲ. ಕಾರಣ ಸರಳ, ಆ ಹೊತ್ತು ಬಹುಪಾಲು ಪುಕ್ಕಟೆ ಸಿಕ್ತಿತ್ತು. ಅಮೆರಿಕದ ಆಸ್ಪತ್ರೆಗಳು ನರ್ಸಿಂಗ್ ಶಾಲೆ ತೆರೆದು, ಕಲಿಯೋಕೆ ಬಂದ ಹುಡುಗಿಯರಿಂದಲೇ ವಾರ್ಡು ನಡೆಸ್ತಿದ್ವು. ಪಾಠಕ್ಕೆ ಬಂದವರು ಪಾಠಕ್ಕೆ ಸಂಬಂಧವೇ ಇಲ್ಲದ ಕೆಲಸದಲ್ಲಿ ಸವೆದು ಹೋಗ್ತಿದಾರೆ ಅಂತ 1923ರಲ್ಲಿ ಗೋಲ್ಡ್‌ಮಾರ್ಕ್ ವರದಿ ಬಿಡಿಸಿ ಹೇಳಿತು. ಆ ಕಾಲದಲ್ಲೇ ಫ್ರಾಂಕ್ ಗಿಲ್‌ಬ್ರೆತ್ ಅನ್ನೋ ಎಂಜಿನಿಯರ್ ಆಪರೇಶನ್ ಥಿಯೇಟರಿನ ಚಲನೆಗಳನ್ನ ಅಧ್ಯಯನ ಮಾಡಿದ. ಸರ್ಜನ್ ತಾನೇ ಉಪಕರಣ ಹುಡುಕೋ ಬದಲು ನರ್ಸ್ ಅವನ ಅಂಗೈಗೆ ಇಡಲಿ ಅಂದ. ಸಿನಿಮಾದಲ್ಲಿ ನಾವು ನೋಡೋ "ಸಿಸ್ಸರ್ಸ್" ಅಂತ ಕೈ ಚಾಚೋ ದೃಶ್ಯದ ಹಿಂದೆ ಇರೋದು ಈ ಲೆಕ್ಕಾಚಾರ. ಉಳಿದದ್ದು ಮಾತ್ರ ಡಾಕ್ಟರ ಹೊತ್ತು.

ನರ್ಸಿನ ಹೆಜ್ಜೆ ಎಣಿಸೋ ಕಾಲ ಬಂದದ್ದು ಎರಡನೇ ಮಹಾಯುದ್ಧದ ನಂತರ, ನರ್ಸುಗಳ ಕೊರತೆ ಬಿಸಿ ಮುಟ್ಟಿಸಿದಾಗ. 1957ರಲ್ಲಿ ಅಮೆರಿಕದ ಮಿನೆಸೋಟಾದ ರಾಚೆಸ್ಟರ್ ಮೆಥಡಿಸ್ಟ್ ಆಸ್ಪತ್ರೆ ಒಂದು ದುಂಡು ವಾರ್ಡ್ ಕಟ್ಟಿಸಿ ನೋಡಿತು. ನರ್ಸ್ ನಡುವೆ, ರೋಗಿಗಳ ಕೋಣೆಗಳು ಸುತ್ತ. ಉದ್ದ ಕಾರಿಡಾರಿನ ವಾರ್ಡುಗಳ ಜೊತೆ ಹೋಲಿಸಿದಾಗ ಓಡಾಟ ಕಡಿಮೆಯಾಗಿತ್ತು, ಉಳಿದ ಹೊತ್ತಿನಲ್ಲಿ ನರ್ಸುಗಳು ರೋಗಿಗಳ ಹತ್ತಿರ ಹೆಚ್ಚು ಇರ್ತಿದ್ರು. ಅಂದ್ರೆ ಹೊತ್ತು ಸಿಕ್ಕಿದರೆ ಅವರು ಹೋಗೋದು ಮಂಚದ ಕಡೆಗೇ.

ಅದೇ ಸುಮಾರಿಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಥಾಂಪ್ಸನ್ ಮತ್ತು ರಾಬರ್ಟ್ ಪೆಲ್ಲೆಟಿಯರ್, ವಾರ್ಡಿನ ಯಾವ ಜಾಗದಿಂದ ಯಾವ ಜಾಗಕ್ಕೆ ಎಷ್ಟು ಸಲ ಓಡಾಟ ನಡೆಯುತ್ತೆ ಅಂತ ಎಣಿಸಿ, ಆಸ್ಪತ್ರೆಯ ನಕ್ಷೆಗಳನ್ನ ತೂಗೋ ಒಂದು ಅಳತೆಗೋಲು ಮಾಡಿದರು. ಥಾಂಪ್ಸನ್ ಸ್ವತಃ ನರ್ಸಿಂಗ್ ಕಲಿತವನು, ಕಾಲು ನೋವು ಅಂದ್ರೇನು ಅಂತ ಗೊತ್ತಿದ್ದವನು. ಮುಂದೆ ಇದೇ ಥಾಂಪ್ಸನ್, ರಾಬರ್ಟ್ ಫೆಟರ್ ಜೊತೆ ಸೇರಿ ರೋಗಿಗಳನ್ನ ಕಾಯಿಲೆ, ಚಿಕಿತ್ಸೆಯ ಪ್ರಕಾರ ಗುಂಪು ಮಾಡೋ ಪದ್ಧತಿ ರೂಪಿಸಿದ. 1983ರಲ್ಲಿ ಅಮೆರಿಕ ಸರ್ಕಾರದ ಮೆಡಿಕೇರ್ ಆ ಗುಂಪುಗಳ ಆಧಾರದಲ್ಲೇ ಆಸ್ಪತ್ರೆಗಳಿಗೆ ದುಡ್ಡು ಕೊಡೋಕೆ ಶುರು ಮಾಡಿತು. ಯಾವ ಗುಂಪು ಅನ್ನೋದು ಫೈಲು ನೋಡಿ ತೀರ್ಮಾನ ಆಗಬೇಕು. ಫೈಲಿನಲ್ಲಿ ಇಲ್ಲದ್ದಕ್ಕೆ ದುಡ್ಡಿಲ್ಲ, ಕೋರ್ಟಿಗೆ ಹೋದರೆ ಸಾಕ್ಷಿಯೂ ಇಲ್ಲ. ನೈಟಿಂಗೇಲ್ ಕಥೆಯೇ ಇನ್ನೊಂದು ಸಲ! ಹೆಜ್ಜೆ ಉಳಿಸೋಕೆ ಹೊರಟವರೇ ಫೈಲಿನ ತೂಕ ಹೆಚ್ಚಿಸಿದರು. ಉದ್ದೇಶ ಎರಡು ಸಲವೂ ಒಳ್ಳೆಯದೇ ಇತ್ತು.

ಇದರ ಫಲಿತಾಂಶ ಅಂಕಿಯಲ್ಲಿ ಕಂಡದ್ದು 2008ರಲ್ಲಿ. ಆ್ಯನ್ ಹೆಂಡ್ರಿಚ್ ಮತ್ತು ಜೊತೆಗಾರರು ಅಮೆರಿಕದ 36 ಆಸ್ಪತ್ರೆಗಳ 767 ನರ್ಸುಗಳ ಶಿಫ್ಟುಗಳನ್ನ ಅಳೆದರು. ನರ್ಸಿಂಗ್ ಕೆಲಸದ ಹೊತ್ತಿನಲ್ಲಿ ದಾಖಲೆ ಬರೆಯೋಕೆ 147.5 ನಿಮಿಷ, ಅಂದ್ರೆ ಶೇ. 35.3. ಫೋನು, ಡಾಕ್ಟರು, ಲ್ಯಾಬು ಅಂತ ಕೆಲಸ ಹೊಂದಿಸೋಕೆ 86. ಔಷಧ ಕೊಡೋಕೆ 72. ರೋಗಿಯ ನೇರ ಆರೈಕೆಗೆ 81. ಬಿಪಿ, ನಾಡಿ ನೋಡಿ ರೋಗಿ ಹೇಗಿದ್ದಾರೆ ಅಂತ ಅಂದಾಜು ಮಾಡೋಕೆ 31. ಇದರ ಮಧ್ಯೆ ಹತ್ತು ಗಂಟೆಯ ಹಗಲು ಶಿಫ್ಟಿನಲ್ಲಿ ಒಂದರಿಂದ ಐದು ಮೈಲಿ ನಡಿಗೆ. ಕಾಲೂ ಉಳಿಯಲಿಲ್ಲ, ಕೈಯೂ ಉಳಿಯಲಿಲ್ಲ.

ಹಾಗಾದ್ರೆ ಬರೆಯೋದು ದಂಡವಾ? ಅಷ್ಟು ಸುಲಭ ಇಲ್ಲ. ರಾತ್ರಿ ಮೂರಕ್ಕೆ ನೋವಿನ ಇಂಜೆಕ್ಷನ್ ಆಗಿದೆ ಅಂತ ಬರೆಯದಿದ್ದರೆ ಬೆಳಿಗ್ಗೆ ಬಂದವರು ಇನ್ನೊಂದು ಕೊಡಬಹುದು. ಬರೆಯೋದು ಆರೈಕೆಯ ಭಾಗವೇ. ತೊಂದರೆ ಬೇರೆ ಕಡೆ ಇದೆ. ಬರೆಯೋ ಕೈ, ಓಡೋ ಕಾಲು, ನೋಡೋ ಕಣ್ಣು ಮೂರೂ ಒಬ್ಬರದ್ದೇ ಆಗಿರುವಾಗ, ಆ ಒಬ್ಬರಿಗೆ ಎಷ್ಟು ರೋಗಿಗಳು ಅನ್ನೋದರಲ್ಲಿ. 2002ರಲ್ಲಿ ಲಿಂಡಾ ಏಕನ್ ತಂಡ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಆಪರೇಶನ್ ಆದವರ ಲೆಕ್ಕ ತೆಗೆಯಿತು. ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿರೋದು ಕಂಡಿತು. ಕ್ಯಾಲಿಫೋರ್ನಿಯಾ 1999ರಲ್ಲೇ ಇದಕ್ಕೊಂದು ಕಾನೂನು ಮಾಡಿತ್ತು, 2004ರಿಂದ ಅದು ಜಾರಿಗೆ ಬಂತು.

ನಮ್ಮಲ್ಲಿ? 1946ರ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶಕ್ಕೆ ಇದ್ದ ನರ್ಸುಗಳು ಸುಮಾರು 7,000, ಅಂದ್ರೆ 43,000 ಜನಕ್ಕೆ ಒಬ್ಬರು. ಆಮೇಲೆ ಭಾರತೀಯ ನರ್ಸಿಂಗ್ ಪರಿಷತ್ತು ಬಂತು, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬರು, ಬೋಧಕ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು ಅನ್ನೋ ಮಾನದಂಡವೂ ಬಂತು. ಅದು ಕಾಗದದ ಮಾತು. ಕಾಗದಕ್ಕೂ ವಾರ್ಡಿಗೂ ನಡುವಿನ ಅಂತರ ತುಂಬೋದು ರೋಗಿಯ ಮನೆಯವರು. ನೀರು ಕುಡಿಸೋದು, ಮಗ್ಗುಲು ಬದಲಾಯಿಸೋದು, ಡ್ರಿಪ್ ಮೇಲೆ ಕಣ್ಣಿಡೋದು ಎಲ್ಲ ನಾವೇ. ಆ ಹೊತ್ತು ಯಾವ ಅಧ್ಯಯನದ ಲೆಕ್ಕಕ್ಕೂ ಸೇರಲ್ಲ. ಮನೆಯವರೇ ಇಲ್ಲದ ರೋಗಿಗೆ ಅದೂ ಇಲ್ಲ.

ಬೆಳಿಗ್ಗೆ ಶಿಫ್ಟ್ ಬದಲಾಗುವಾಗ ಅದೇ ಸಿಸ್ಟರ್ ಹೊಸದಾಗಿ ಬಂದವರಿಗೆ ಫೈಲು ತೋರಿಸ್ತಾ ಮಂಚದಿಂದ ಮಂಚಕ್ಕೆ ಬಂದರು. ಅಪ್ಪನಿಗೆ ರಾತ್ರಿ ಎಷ್ಟು ಮೂತ್ರ ಹೋಗಿದೆ, ಜ್ವರ ಎಷ್ಟಕ್ಕೆ ಏರಿ ಎಷ್ಟಕ್ಕೆ ಇಳಿಯಿತು, ಡ್ರಿಪ್ ಎಷ್ಟು ಗಂಟೆಗೆ ಬದಲಾಯಿತು, ಎಲ್ಲ ಅದರಲ್ಲಿತ್ತು. ಪಕ್ಕದಲ್ಲೇ ರಾತ್ರಿಯಿಡೀ ಕೂತಿದ್ದ ನನಗೆ ಜ್ವರ ಬಂದದ್ದೇ ಗೊತ್ತಿರಲಿಲ್ಲ. ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ಸುಮ್ಮನೆ ಎಣಿಸಿದೆ. ಹದಿನೆಂಟು ಮಂಚ. ರಾತ್ರಿ ಇದ್ದದ್ದು ಅವರೊಬ್ಬರೇ.